ದೊಡ್ಡಪ್ಪ ಏನಾಗಿ ತೀರಿಕೊಂಡರು?



ನಾನು ಪ್ಯಾಥಾಲಜಿ ಓದಿದ ವೈದ್ಯ. ಬಯಾಪ್ಸಿಗೆಂದು ತೆಗೆದ ಚೂರನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿ ವರದಿ ಬರೆಯುವುದು ನನ್ನ ಕೆಲಸ. ರೋಗಿಯನ್ನು ನಾವು ನೋಡುವುದು ಕಡಿಮೆ. ರೋಗಿಯ ಮನೆಯವರನ್ನು ನೋಡುವುದುಂಟು, ಅದೂ ಲ್ಯಾಬಿನ ಕಿಟಕಿಯಲ್ಲಿ, ವರದಿ ಅವರ ಕೈಗೆ ಬರುವ ಹೊತ್ತಿನಲ್ಲಿ. ಅಲ್ಲಿ ನಿಂತವರನ್ನು ನಾನು ಕೇಳುವ ಒಂದು ಪ್ರಶ್ನೆಯ ಸುತ್ತಲೇ ಇವತ್ತಿನ ಮಾತು.

ವಯಸ್ಸು ಇನ್ನೂ ನಲವತ್ತು ದಾಟದ ಒಬ್ಬ ಗಂಡಸು. ಹೊಟ್ಟೆಯ ಬಲಭಾಗದ ದೊಡ್ಡ ಕರುಳಿನಲ್ಲಿ ಗೆಡ್ಡೆ. ವರದಿ ಒಯ್ಯಲು ತಾಯಿ ಬಂದಿದ್ದಾರೆ.

“ಅಮ್ಮ, ನಿಮ್ಮ ಯಜಮಾನರು ಬಂದಿಲ್ವಾ?”

“ಅವರು ತೀರ್ಕೊಂಡು ಬಾಳ ವರ್ಷ ಆಯ್ತು ಸ್ವಾಮಿ.”

“ಏನಾಗಿತ್ತು?”

“ಹೊಟ್ಟೆನೋವು ಅಂತಿದ್ರು. ಊಟ ಸೇರ್ತಿರ್ಲಿಲ್ಲ. ಒಣಗ್‌ಹೋದ್ರು.”

“ಅವರ ಅಣ್ಣ ತಮ್ಮಂದಿರು?”

“ದೊಡ್ಡೋರಿಗೂ ಹಂಗೇ ಆಗಿದ್ದು. ದೇವ್ರ ಹರಕೆ ಬಾಕಿ ಇತ್ತಂತೆ.”

“ಅಕ್ಕ ತಂಗಿಯರು?”

“ನಮ್ಮ ನಾದಿನೀನ ಅರಕಲಗೂಡು ಕಡೆಗೆ ಕೊಟ್ಟಿತ್ತು. ಅವಳಿಗೆ ಗರ್ಭಕೋಶದ್ದು. ಆಪರೇಷನ್ ಮಾಡ್ಸುದ್ರು, ಉಳೀಲಿಲ್ಲ.”

ಇದು ಯಾವುದೋ ಒಂದು ಮನೆಯ ಕಥೆಯೆಂದು ತಿಳಿಯಬೇಡಿ. ಬೇರೆ ಬೇರೆ ವರ್ಷ, ಬೇರೆ ಬೇರೆ ಜನರಿಂದ ಕೇಳಿದ ಉತ್ತರಗಳನ್ನು ಒಂದು ಬಾಯಲ್ಲಿ ಸೇರಿಸಿ ಹೇಳಿದ್ದೇನೆ. ಆದರೆ ಇಂಥ ಉತ್ತರಗಳು ಒಂದೇ ಮನೆಯಿಂದ ಬಂದಾಗ ನಾನು ವರದಿಯನ್ನು ವಾಪಸು ಪಡೆದು, ಆ ಬಯಾಪ್ಸಿಯ ಮೇಲೆ ಇನ್ನೊಂದು ಪರೀಕ್ಷೆ ಆಗಲೇಬೇಕೆಂದು ಬರೆದುಕೊಡುತ್ತೇನೆ. ತಂದೆಯ ಹೊಟ್ಟೆನೋವು, ದೊಡ್ಡಪ್ಪನ ಹೊಟ್ಟೆನೋವು, ಸೋದರತ್ತೆಯ ಗರ್ಭಕೋಶ, ಈಗ ಈ ಮಗನ ಕರುಳು. ನಾಲ್ಕೂ ಒಂದೇ ಕಾರಣದ ನಾಲ್ಕು ರೂಪಗಳಾಗಿರಬಹುದು. ಆ ಕಾರಣಕ್ಕೆ ವೈದ್ಯರು ಇಟ್ಟ ಹೆಸರು ಲಿಂಚ್ ಸಿಂಡ್ರೋಮ್. ರಕ್ತಸಂಬಂಧದಲ್ಲಿ ಇಳಿದು ಬರುವ, ದೊಡ್ಡ ಕರುಳಿನ ಕ್ಯಾನ್ಸರಿನ ಅಪರೂಪದ ಬಗೆ ಅದು. ಕರುಳಿನ ಕ್ಯಾನ್ಸರ್ ಬಂದ ನೂರು ಜನರನ್ನು ನಿಲ್ಲಿಸಿದರೆ ಸುಮಾರು ಮೂವರದು ಮಾತ್ರ ಈ ಬಗೆ. ಆದರೆ ಆ ಮೂವರ ಹಿಂದೆ ಮೂರು ಮನೆತನಗಳಿವೆ. ಅವುಗಳಲ್ಲಿ ಇನ್ನೂ ಕಾಯಿಲೆ ಬೀಳದ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಇದ್ದಾರೆ. ಅವರಲ್ಲಿ ಹಲವರನ್ನು ಕಾಯಿಲೆ ಬರುವ ಮೊದಲೇ ಉಳಿಸಿಕೊಳ್ಳಬಹುದು. ಹಾಗಾಗಿಯೇ ನನಗೆ ಈ ಕಾಯಿಲೆಯ ಬಗ್ಗೆ ಇಷ್ಟು ಕಾಳಜಿ.

ಇದನ್ನು ಮೊದಲು ಕಂಡುಹಿಡಿದವರು ಯಾರೆಂದು ಕೇಳಿದರೆ ಪುಸ್ತಕಗಳು ಡಾಕ್ಟರ ಹೆಸರು ಹೇಳುತ್ತವೆ. ನಾನು ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳನ್ನು ಹೇಳುತ್ತೇನೆ. 1895ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಆಲ್ಡ್ರೆಡ್ ಸ್ಕಾಟ್ ವಾರ್ಥಿನ್ ಎಂಬ ಪ್ಯಾಥಾಲಜಿಸ್ಟ್ ಇದ್ದರು. ಅವರ ಬಳಿ ಆ ಹೆಂಗಸು ತನ್ನ ದುಗುಡ ಹೇಳಿಕೊಂಡರು: ನಮ್ಮ ಮನೆಯವರೆಲ್ಲ ಹೊಟ್ಟೆ, ಕರುಳು, ಗರ್ಭಕೋಶದ ಕ್ಯಾನ್ಸರಿನಿಂದಲೇ ಹೋಗುತ್ತಾರೆ, ನಾನೂ ಹಾಗೇ ಬೇಗ ಸಾಯುತ್ತೇನೆ ಎಂದು. ಆಗ ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ವಾರ್ಥಿನ್ ಆ ಮಾತನ್ನು ತಳ್ಳಿಹಾಕಲಿಲ್ಲ. ಆ ಮನೆತನದ ಒಬ್ಬೊಬ್ಬರ ಸಾವನ್ನೂ ವಿಚಾರಿಸಿ ವಂಶಾವಳಿ ಬರೆಯುತ್ತಾ ಹೋಗಿ, 1913ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಆ ಹೆಣ್ಣುಮಗಳು ತಾವೇ ಹೇಳಿದಂತೆ ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡರು.

ಆಮೇಲೆ ಬಹುಕಾಲ ಈ ಮಾತನ್ನು ಯಾರೂ ಗಂಭೀರವಾಗಿ ಎತ್ತಿಕೊಳ್ಳಲಿಲ್ಲ. 1960ರ ದಶಕದಲ್ಲಿ ನೆಬ್ರಾಸ್ಕದ ಒಮಾಹಾ ಊರಿನಲ್ಲಿ ಹೆನ್ರಿ ಲಿಂಚ್ ಎಂಬ ಯುವ ವೈದ್ಯರಿಗೆ ವಿಪರೀತ ಕುಡಿತದ ರೋಗಿಯೊಬ್ಬ ಸಿಕ್ಕಿದ. ಯಾಕಪ್ಪ ಹೀಗೆ ಕುಡಿಯುತ್ತೀಯೆ ಎಂದರೆ, ನಮ್ಮ ಮನೆಯಲ್ಲಿ ಎಲ್ಲರೂ ಕ್ಯಾನ್ಸರಿಂದ ಸಾಯುತ್ತಾರೆ, ನನಗೂ ಅದೇ ಗತಿ ಎಂದ. ಲಿಂಚ್ ಅವನ ಮನೆತನವನ್ನು ಹುಡುಕಿಕೊಂಡು ಹೋದರು, 1966ರಲ್ಲಿ ಬರೆದರು. ಕ್ಯಾನ್ಸರ್ ವಂಶದಲ್ಲಿ ಬರುತ್ತದೆಂದರೆ ನಂಬದ ಕಾಲ ಅದು. 1993 ಮತ್ತು 1994ರಲ್ಲಿ ಕಾರಣವಾದ ಜೀನುಗಳು ಒಂದೊಂದಾಗಿ ಸಿಕ್ಕವು. 2000ದಲ್ಲಿ, ಆ ದರ್ಜಿ ಹೆಣ್ಣುಮಗಳ ವಂಶದವರ ರಕ್ತದಲ್ಲೇ ಎಂಎಸ್‌ಎಚ್2 ಎಂಬ ಜೀನಿನ ದೋಷ ಗುರುತಾಯಿತು. ಅವರ ಮಾತು ನಿಜವೆಂದು ರುಜುವಾತಾಗಲು ನೂರೈದು ವರ್ಷ ಹಿಡಿಯಿತು. ಆ ಹೆಣ್ಣುಮಗಳ ಬಾಯಲ್ಲಿ, ಲಿಂಚ್ ಅವರ ಆ ರೋಗಿಯ ಬಾಯಲ್ಲಿ ಬಂದ ಮನೆಯ ಸುದ್ದಿ ಇಲ್ಲದೆ ಯಾವ ಯಂತ್ರವೂ ಈ ಕಾಯಿಲೆಯ ಜಾಡು ಹಿಡಿಯುತ್ತಿರಲಿಲ್ಲ.

ಏನಿದು ದೋಷ? ನಮ್ಮ ಮೈಯ ಜೀವಕೋಶ ಎರಡಾಗುವ ಮೊದಲು ತನ್ನೊಳಗಿನ ಡಿಎನ್ಎಯ ನಕಲು ತೆಗೆದುಕೊಳ್ಳುತ್ತದೆ. ಸುಮಾರು 300 ಕೋಟಿ ಅಕ್ಷರಗಳು, ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ. ಇಷ್ಟನ್ನು ನಕಲು ಮಾಡುವಾಗ ತಪ್ಪು ಬೀಳದೆ ಇರುವುದಿಲ್ಲ. ಹಿಂದೆ ಶ್ಯಾನುಭೋಗರು ಪಹಣಿಯನ್ನು ಕೈಬರಹದಲ್ಲಿ ನಕಲು ಮಾಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೆ ಮೇಲಿನವರು ಹಳೆಯದರ ಜೊತೆ ತಾಳೆ ನೋಡಿ ತಿದ್ದುತ್ತಿದ್ದರು. ತಾಳೆ ನೋಡುವವರೇ ಇಲ್ಲವೆಂದಾದರೆ ಆ ತಪ್ಪು ಮುಂದಿನ ವರ್ಷದ ಪಹಣಿಗೂ ಇಳಿಯುತ್ತದೆ, ಅದರ ಮೇಲೆ ಇನ್ನೊಂದು ತಪ್ಪು ಕೂರುತ್ತದೆ, ಕೊನೆಗೆ ಯಾರ ಜಮೀನು ಯಾರದೋ ಆಗುತ್ತದೆ. ಜೀವಕೋಶದಲ್ಲಿ ಹೀಗೆ ತಾಳೆ ನೋಡುವ ಕೆಲಸಕ್ಕೆ ನಾಲ್ಕು ಮುಖ್ಯ ಜೀನುಗಳಿವೆ: ಎಂಎಲ್ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2. ಇವುಗಳಲ್ಲಿ ಒಂದರ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೆ ಅದು ಲಿಂಚ್ ಸಿಂಡ್ರೋಮ್. ಉಳಿದ ಒಂದು ಒಳ್ಳೆಯ ಪ್ರತಿ ಎಷ್ಟೋ ವರ್ಷ ಕೆಲಸ ತೂಗಿಸಿಕೊಂಡು ಹೋಗುತ್ತದೆ. ಯಾವಾಗಲೋ ಕರುಳಿನ ಒಂದು ಕೋಶದಲ್ಲಿ ಅದೂ ಕೆಟ್ಟರೆ, ಅಲ್ಲಿಂದ ತಪ್ಪಿನ ಮೇಲೆ ತಪ್ಪು.

ಕರುಳೇ ಏಕೆ ಎನ್ನುವಿರಾದರೆ, ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ, ಅಷ್ಟು ನಕಲು ಅಲ್ಲಿ ನಡೆಯುತ್ತಿರುತ್ತದೆ. ಗರ್ಭಕೋಶದ ಒಳಪದರವೂ ತಿಂಗಳು ತಿಂಗಳು ಬದಲಾಗುವಂಥದ್ದು. ಎಂಎಲ್ಎಚ್1 ಅಥವಾ ಎಂಎಸ್‌ಎಚ್2 ದೋಷವಿರುವವರಲ್ಲಿ, ತಪಾಸಣೆ ಇಲ್ಲದೆ ಬಿಟ್ಟರೆ, ವಯಸ್ಸಾಗುವುದರೊಳಗೆ ಸುಮಾರು ಅರ್ಧದಷ್ಟು ಜನರಿಗೆ ಕರುಳಿನ ಕ್ಯಾನ್ಸರ್ ಬರುತ್ತದೆ. ಹೆಂಗಸರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಸಂಭವವೂ ಹೆಚ್ಚುಕಡಿಮೆ ಅಷ್ಟೇ ಇದೆ. ಅಂಡಾಶಯ, ಜಠರ, ಮೂತ್ರನಾಳದ ಕ್ಯಾನ್ಸರುಗಳೂ ಇದೇ ಬಳಗದವು. ದೋಷವಿರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಇಳಿಯುವ ಸಾಧ್ಯತೆ ಅರ್ಧ. ಗಂಡು ಹೆಣ್ಣು ಎಂಬ ಭೇದವಿಲ್ಲ. ಗಂಡಸು ಹೆಣ್ಣುಮಕ್ಕಳಿಗೆ ದಾಟಿಸಬಹುದು, ಹೆಂಗಸು ಗಂಡುಮಕ್ಕಳಿಗೆ ದಾಟಿಸಬಹುದು.

ಇಂಥ ಮನೆತನವನ್ನು ಗುರುತಿಸಲು 1991ರಲ್ಲಿ ತಜ್ಞರು ಆಮ್‌ಸ್ಟರ್‌ಡ್ಯಾಂ ಹೆಸರಿನ ಒಂದು ಲೆಕ್ಕ ಕೊಟ್ಟರು. ಬಾಯಲ್ಲಿ ಹಿಡಿಯುವಷ್ಟು ಸರಳವಾದದ್ದು: ಮೂರು, ಎರಡು, ಒಂದು. ಒಬ್ಬರಿಗೊಬ್ಬರು ರಕ್ತಸಂಬಂಧಿಗಳಾದ ಮೂವರಿಗೆ ಕಾಯಿಲೆ, ಅದು ಎರಡು ತಲೆಮಾರಿನಲ್ಲಿ, ಅವರಲ್ಲಿ ಒಬ್ಬರಿಗಾದರೂ 50 ವಯಸ್ಸಿನೊಳಗೆ. ಮೊದಲು ಕರುಳಿನ ಕ್ಯಾನ್ಸರನ್ನಷ್ಟೇ ಎಣಿಸುತ್ತಿದ್ದರು. 1999ರಲ್ಲಿ ಗರ್ಭಕೋಶದ್ದು, ಸಣ್ಣ ಕರುಳಿನದು, ಮೂತ್ರನಾಳದ್ದನ್ನೂ ಸೇರಿಸಿದರು.

ಲೆಕ್ಕ ಸರಳ. ಆದರೆ ನಮ್ಮ ಹಾಸನದ ಸೀಮೆಯಲ್ಲಿ ಅದನ್ನು ತುಂಬುವುದು ಕಷ್ಟ. ನಮ್ಮಲ್ಲಿ ವಂಶದ ನೆನಪು ಇಲ್ಲವೆಂದಲ್ಲ. ಎತ್ತಿನ ಮೇಲೆ ಬಂದು ಮನೆತನದ ಹೆಸರುಗಳನ್ನು ತಲೆಮಾರು ತಲೆಮಾರಾಗಿ ಹಾಡಿ ಹೇಳುವ ಹೆಳವರು ಈ ನಾಡಿನಲ್ಲೇ ಇದ್ದಾರೆ. ಮೂಲಪುರುಷ ಎಲ್ಲಿಂದ ಬಂದ, ಯಾರ ಮಗ ಯಾರು ಎಂಬುದನ್ನು ಎಷ್ಟೋ ಮನೆಯವರು ಏಳೆಂಟು ತಲೆಯವರೆಗೆ ಹೇಳಬಲ್ಲರು. ಆದರೆ ಅವರು ಎಷ್ಟನೆಯ ವಯಸ್ಸಿಗೆ, ಏನಾಗಿ ಹೋದರು ಎಂಬುದು ಆ ನೆನಪಿನಲ್ಲಿ ಸೇರುವುದಿಲ್ಲ. “ಹೊಟ್ಟೆ ಕಾಯಿಲೆ” ಅನ್ನುತ್ತಾರೆ, “ಕಾಮಾಲೆ” ಅನ್ನುತ್ತಾರೆ, ಮಾಟ ಅನ್ನುತ್ತಾರೆ. ಕ್ಯಾನ್ಸರೆಂದು ಗೊತ್ತಿದ್ದರೂ, ಮನೆಯ ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತೆಂದು ಹೇಳದೆ ಇರುತ್ತಾರೆ. ಅದಕ್ಕಿಂತ ದೊಡ್ಡ ನಷ್ಟ, ಕೊಟ್ಟ ಮನೆ ಸೇರಿದ ಹೆಣ್ಣುಮಕ್ಕಳು ಲೆಕ್ಕದಿಂದಲೇ ಬಿಟ್ಟುಹೋಗುವುದು. ಉದಾಹರಣೆಗೆ ಇನ್ನೊಂದು ಮನೆ: ಚನ್ನರಾಯಪಟ್ಟಣಕ್ಕೆ ಕೊಟ್ಟ ಸೋದರತ್ತೆ ಗರ್ಭಕೋಶದ ಕ್ಯಾನ್ಸರಿನಿಂದ ನಲವತ್ತೈದಕ್ಕೆ ಹೋದದ್ದು ಹೊಳೆನರಸೀಪುರದ ತವರಿಗೆ ತಿಥಿಯ ದಿನವಷ್ಟೇ ನೆನಪಾಗುವ ಸಂಗತಿ. ಅದು ಅವರ ಗಂಡನ ಮನೆಯ ದುಃಖವಾಯಿತು, ತವರಿನ ರೋಗಚರಿತ್ರೆಗೆ ಸೇರಲಿಲ್ಲ. ಅತ್ತೆಯ ಆ ಒಂದು ವಿವರ ಸಿಕ್ಕಿದ್ದರೆ ಅಣ್ಣನ ಮಗನ ಕರುಳನ್ನು ಹತ್ತು ವರ್ಷ ಮೊದಲೇ ನೋಡಬಹುದಿತ್ತು.

ಆದ್ದರಿಂದ ನನ್ನ ಬೇಡಿಕೆ ಇದು. ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ತಾಯಿ ತಂದೆ, ಅವರ ಒಡಹುಟ್ಟಿದವರು, ಅಜ್ಜ ಅಜ್ಜಿ ಎರಡೂ ಕಡೆಯವರು, ನಿಮ್ಮ ಒಡಹುಟ್ಟಿದವರು. ಕೊಟ್ಟ ಹೆಣ್ಣುಮಕ್ಕಳನ್ನು ಬಿಡಬೇಡಿ. ಒಬ್ಬೊಬ್ಬರ ಮುಂದೆ ಬದುಕಿದ್ದರೆ ಈಗಿನ ವಯಸ್ಸು, ತೀರಿಕೊಂಡಿದ್ದರೆ ತೀರಿಕೊಂಡಾಗಿನ ವಯಸ್ಸು, ಏನು ಕಾಯಿಲೆ, ಯಾವ ಆಸ್ಪತ್ರೆ. ವರ್ಷ ಸರಿಯಾಗಿ ನೆನಪಿಲ್ಲದಿದ್ದರೆ “ದೊಡ್ಡ ಮಗಳ ಮದುವೆಗೆ ಮೊದಲು” ಎಂದು ಬರೆದರೂ ಸಾಕು, ನಾವು ಲೆಕ್ಕ ಹಾಕಿಕೊಳ್ಳುತ್ತೇವೆ. ಹಳೆಯ ಟ್ರಂಕಿನಲ್ಲಿ ಬಿದ್ದಿರುವ ಡಿಸ್ಚಾರ್ಜ್ ಚೀಟಿ, ಬಯಾಪ್ಸಿ ವರದಿ ಇದ್ದರೆ ಎಸೆಯದೆ ಅದರೊಳಗಿಡಿ. ಹೊಟ್ಟೆಯ ತೊಂದರೆಗೆ ಯಾವ ಡಾಕ್ಟರ ಹತ್ತಿರ ಹೋದರೂ ಆ ನೋಟ್‌ಬುಕ್ ನಿಮ್ಮ ಕೈಯಲ್ಲಿರಲಿ.

ನೆಂಟಸ್ತಿಕೆಯ ಮಾತು ಬಂದಾಗ ಇನ್ನೊಂದನ್ನೂ ಹೇಳಬೇಕು. ಕರ್ನಾಟಕದಲ್ಲಿ ಇವತ್ತಿಗೂ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ಆಗುತ್ತದೆ. ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ಈ ಸೀಮೆಯಲ್ಲೂ ಇದೆ. ಲಿಂಚ್ ದೋಷವಿರುವ ಮನೆತನದಲ್ಲಿ ಹೀಗಾದಾಗ ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ಜೀನು ಕೆಟ್ಟಿರುವ ಸಂಭವವಿದೆ. ಆಗ ಅವರಿಗೆ ಹುಟ್ಟುವ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಎರಡೂ ಕೆಟ್ಟ ಪ್ರತಿಗಳು ಬರಬಹುದು. ಅಂಥ ಮಗುವಿಗೆ ತಾಳೆ ನೋಡುವ ವ್ಯವಸ್ಥೆಯೇ ಇರುವುದಿಲ್ಲ. ಚಿಕ್ಕ ವಯಸ್ಸಿನಲ್ಲೇ ಮೆದುಳಿನ ಗೆಡ್ಡೆ, ರಕ್ತದ ಕ್ಯಾನ್ಸರ್, ಹದಿಹರೆಯದಲ್ಲೇ ಕರುಳಿನ ಕ್ಯಾನ್ಸರ್ ಕಾಣಿಸುತ್ತದೆ. ಮೈಮೇಲೆ ಹಾಲು ಬೆರೆಸಿದ ಕಾಫಿಯ ಬಣ್ಣದ ಮಚ್ಚೆಗಳಿರುವುದು ಒಂದು ಗುರುತು. ಇದು ತೀರಾ ಅಪರೂಪ. ಆದರೂ ಮನೆಯಲ್ಲಿ ಸಣ್ಣ ವಯಸ್ಸಿನ ಕರುಳಿನ ಕ್ಯಾನ್ಸರ್ ಇದ್ದು, ಒಳಗೊಳಗೇ ಹೆಣ್ಣು ತರುವ ಯೋಚನೆ ಇದ್ದರೆ ಮೊದಲು ಜೀನು ಪರೀಕ್ಷೆ ಮಾಡಿಸಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಇನ್ನು ಕಾಯಿಲೆ ಕಾಣಿಸಿಕೊಳ್ಳುವ ಬಗೆ. ಲಿಂಚ್ ಮನೆತನದವರ ಗೆಡ್ಡೆ ಹೆಚ್ಚಾಗಿ ಕರುಳಿನ ಬಲಭಾಗದಲ್ಲಿ ಏಳುತ್ತದೆ. ಅಲ್ಲಿ ಕರುಳು ಅಗಲ, ಮಲ ಇನ್ನೂ ತೆಳು. ಹಾಗಾಗಿ ಮಲಬದ್ಧತೆ ಆಗುವುದಿಲ್ಲ, ರಕ್ತ ಕಣ್ಣಿಗೆ ಕಾಣುವುದಿಲ್ಲ, ಒಳಗೊಳಗೇ ತಿಂಗಳುಗಟ್ಟಲೆ ಜಿನುಗುತ್ತದೆ. ಮನುಷ್ಯ ಬಿಳಿಚಿಕೊಳ್ಳುತ್ತಾನೆ. ಗದ್ದೆಯಲ್ಲಿ ಅರ್ಧ ದಿನ ದುಡಿದರೆ ಏದುಸಿರು. ಹಿಮೋಗ್ಲೋಬಿನ್ ನೋಡಿದರೆ 7 ಅಥವಾ 8. ಜಂತುಹುಳುವಿಗೆ ಮಾತ್ರೆ, ರಕ್ತಕ್ಕೆ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಕೊಡಬೇಕಾದದ್ದೇ. ಆದರೆ ಗಂಡಸಿನಲ್ಲಿ, ಮುಟ್ಟು ನಿಂತ ಹೆಂಗಸಿನಲ್ಲಿ, ಕಾರಣ ತಿಳಿಯದೆ ರಕ್ತ ಇಳಿದಿದ್ದರೆ ಹೊಟ್ಟೆಯೊಳಗೆ ಎಲ್ಲಿ ಸೋರುತ್ತಿದೆ ಎಂದು ನೋಡದೆ ಬಿಡಬಾರದು. ಮಾತ್ರೆಗೆ ರಕ್ತ ಏರಿತೆಂದು ಸುಮ್ಮನಾಗುವುದೂ ತಪ್ಪು. ಎಡಭಾಗದಲ್ಲಿ, ಗುದದ ಹತ್ತಿರ ಗೆಡ್ಡೆ ಇದ್ದರೆ ರಕ್ತ ಕಾಣುತ್ತದೆ. ಆಗ ಎಲ್ಲರೂ ಹೇಳುವುದು ಮೂಲವ್ಯಾಧಿ ಎಂದು. ವರ್ಷಗಟ್ಟಲೆ ನಾಟಿ ಔಷಧಿ, ಮುಲಾಮು. ಮೂಲವ್ಯಾಧಿ ಸಾಮಾನ್ಯ, ಕ್ಯಾನ್ಸರ್ ಅಪರೂಪ, ಒಪ್ಪೋಣ. ಆದರೆ ಯಾವುದೆಂದು ತೀರ್ಮಾನಿಸಲು ಡಾಕ್ಟರು ಬೆರಳು ಹಾಕಿ ಪರೀಕ್ಷಿಸಲೇಬೇಕು. ನಾಚಿಕೊಂಡು ತಪ್ಪಿಸಿಕೊಳ್ಳಬೇಡಿ.

ನಮ್ಮ ಸರ್ಕಾರದ ಕ್ಯಾನ್ಸರ್ ತಪಾಸಣೆ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೋಶದ ಕೊರಳು, ಈ ಮೂರನ್ನು ನೋಡುತ್ತಾರೆ. ಕರುಳು ಅದರಲ್ಲಿಲ್ಲ. ಭಾರತದಲ್ಲಿ ಕರುಳಿನ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಬಹಳ ಕಡಿಮೆ. 2020ರ ಜಾಗತಿಕ ಅಂದಾಜಿನಂತೆ ಇಡೀ ದೇಶಕ್ಕೆ ವರ್ಷಕ್ಕೆ ಸುಮಾರು 65,000 ಹೊಸ ರೋಗಿಗಳು. ಆದ್ದರಿಂದ ಎಲ್ಲರಿಗೂ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡುವುದು ಆಗದ ಮಾತು, ಬೇಕಾಗಿಯೂ ಇಲ್ಲ. ಆದರೆ ನಮ್ಮಲ್ಲಿ ಬರುವ ರೋಗಿಗಳಲ್ಲಿ ಚಿಕ್ಕ ವಯಸ್ಸಿನವರ ಪಾಲು ಹೆಚ್ಚು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ದಾಖಲೆಗಳೂ ಇದನ್ನೇ ಹೇಳುತ್ತವೆ. ಇಂಥ ಕಡೆ ಯಾರ ಕರುಳನ್ನು ಮೊದಲು ನೋಡಬೇಕೆಂದು ತಿಳಿಯಲು ಮನೆತನದ ಚರಿತ್ರೆಯಷ್ಟು ಅಗ್ಗವಾದ, ಅಷ್ಟು ಉಪಯುಕ್ತವಾದ ಸಾಧನ ಇನ್ನೊಂದಿಲ್ಲ.

ಕೊಲೊನೋಸ್ಕೋಪಿ ತಾಲ್ಲೂಕು ಮಟ್ಟದಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ತಾಲ್ಲೂಕು ಆಸ್ಪತ್ರೆಯಿಂದ ಚೀಟಿ ಹಿಡಿದು ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ, ಅಂದರೆ ನಮ್ಮ ಹಿಮ್ಸ್‌ಗೆ ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಗೆ ಬನ್ನಿ. ಮುಂದೆ ಎಲ್ಲಿ ಮಾಡಿಸಬೇಕೆಂದು ಅಲ್ಲಿನ ವೈದ್ಯರು ಹೇಳುತ್ತಾರೆ. ಪರೀಕ್ಷೆಯ ಹಿಂದಿನ ದಿನ ನೀರಿನಂಥ ಆಹಾರ, ಕರುಳು ತೊಳೆಯುವ ಪುಡಿಯನ್ನು ಲೀಟರುಗಟ್ಟಲೆ ನೀರಿನಲ್ಲಿ ಕಲಸಿ ಕುಡಿಯಬೇಕು. ಆ ರಾತ್ರಿ ಕಷ್ಟ, ಸುಳ್ಳು ಹೇಳುವುದಿಲ್ಲ. ಆದರೆ ಕರುಳು ಚೊಕ್ಕಟವಾಗದಿದ್ದರೆ ಬಲಭಾಗದ ಚಪ್ಪಟೆ ಗಂಟು ಕಣ್ತಪ್ಪಿಹೋಗುತ್ತದೆ. ಲಿಂಚ್ ಮನೆತನದವರಲ್ಲಿ ಗಂಟುಗಳು ಅಂಥ ಜಾಗದಲ್ಲೇ ಹೆಚ್ಚು. ಐದಡಿ ಉದ್ದದ ಇಡೀ ಕರುಳನ್ನು, ಸಣ್ಣ ಕರುಳು ಬಂದು ಸೇರುವ ತುದಿಯವರೆಗೂ ನೋಡಿದರೇ ಎಂದು ಕೇಳಿ ತಿಳಿದುಕೊಳ್ಳಿ. ವರದಿಯಲ್ಲಿ “ಸೀಕಂ” ಎಂಬ ಹೆಸರು ಇರಬೇಕು.

ಆ ಪರೀಕ್ಷೆಯಲ್ಲಿ ತೆಗೆದ ಚೂರು ನಮ್ಮ ಹತ್ತಿರ ಬರುತ್ತದೆ. ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಅಚ್ಚು ಹಾಕಿ, ಸಿಗರೇಟಿನ ಹಾಳೆಗಿಂತ ತೆಳುವಾಗಿ ಕೊಯ್ದು, ಬಣ್ಣ ಕೊಟ್ಟು ನೋಡುತ್ತೇವೆ. ಲಿಂಚ್ ಗೆಡ್ಡೆಗೆ ಕೆಲವು ಚಹರೆಗಳಿವೆ: ಲೋಳೆ ಹೆಚ್ಚು, ಕೆಲವೊಮ್ಮೆ ಉಂಗುರದಂತೆ ಕಾಣುವ ಕೋಶಗಳು, ಗೆಡ್ಡೆಯೊಳಗೆ ನುಗ್ಗಿದ ಬಿಳಿ ರಕ್ತಕಣಗಳು. ಚಹರೆಯಿಂದ ಅನುಮಾನ ಮಾತ್ರ ಸಾಧ್ಯ. ಖಚಿತಪಡಿಸಲು ಅದೇ ಅಚ್ಚಿನಿಂದ ಇನ್ನೂ ನಾಲ್ಕು ಹಾಳೆ ಕೊಯ್ದು, ಆ ನಾಲ್ಕು ಜೀನುಗಳು ತಯಾರಿಸುವ ಪ್ರೋಟೀನುಗಳಿಗೆ ಒಂದೊಂದರಂತೆ ಬಣ್ಣ ಹಾಕುತ್ತೇವೆ. ಇದ್ದರೆ ಕೋಶದ ನಡುವೆ ಕಂದು ಬಣ್ಣ ಮೂಡುತ್ತದೆ. ಗೆಡ್ಡೆಯಲ್ಲೆಲ್ಲ ಆ ಕಂದು ಇಲ್ಲದೆ, ಪಕ್ಕದ ಆರೋಗ್ಯದ ಕೋಶದಲ್ಲಿ ಇದ್ದರೆ, ಆ ಪ್ರೋಟೀನು ಗೆಡ್ಡೆಯಲ್ಲಿ ಕಳೆದುಹೋಗಿದೆ ಎಂದರ್ಥ. ಇದನ್ನು ಎಂಎಂಆರ್ ಪರೀಕ್ಷೆ ಎನ್ನುತ್ತಾರೆ. ವರದಿಯಲ್ಲಿ “ಡಿಎಂಎಂಆರ್” ಅಥವಾ “ಎಂಎಸ್‌ಐ ಹೈ” ಎಂದಿದ್ದರೆ ತಾಳೆ ನೋಡುವ ವ್ಯವಸ್ಥೆ ಆ ಗೆಡ್ಡೆಯಲ್ಲಿ ಕೆಟ್ಟಿದೆ ಎಂದರ್ಥ, ಆ ಹಾಳೆಯನ್ನು ಜೋಪಾನವಾಗಿಡಿ. ನೂರು ಕರುಳಿನ ಕ್ಯಾನ್ಸರಿನಲ್ಲಿ ಹದಿನೈದರಷ್ಟು ಹೀಗೆ ಬರುತ್ತವೆ. ಎಲ್ಲವೂ ವಂಶದ್ದಲ್ಲ. ವಯಸ್ಸಾದವರಲ್ಲಿ ಎಂಎಲ್ಎಚ್1 ಬೇರೆ ಕಾರಣಕ್ಕೂ ಬಾಯಿ ಮುಚ್ಚಿಕೊಂಡಿರುತ್ತದೆ. ಅದನ್ನು ಬೇರ್ಪಡಿಸಲು ಇನ್ನೂ ಒಂದೆರಡು ಪರೀಕ್ಷೆಗಳಿವೆ. ಉಳಿದವರಿಗೆ ರಕ್ತದಿಂದ ಜೀನು ಪರೀಕ್ಷೆ. ಚೆನ್ನೈನ ಅಡಯಾರ್ ಕ್ಯಾನ್ಸರ್ ಸಂಸ್ಥೆಯವರು ಈ ಶತಮಾನದ ಆರಂಭದಲ್ಲೇ ನಮ್ಮ ದೇಶದ ರೋಗಿಗಳಲ್ಲಿ ಎಂಎಲ್ಎಚ್1, ಎಂಎಸ್‌ಎಚ್2 ದೋಷಗಳನ್ನು ಹುಡುಕಿ ಪ್ರಕಟಿಸಿದ್ದಾರೆ. ಹಾಗಾಗಿ ಇದು ಅಮೆರಿಕದವರ ಕಾಯಿಲೆ, ನಮಗೆ ಬರುವುದಿಲ್ಲ ಎನ್ನುವ ಮಾತಿಗೆ ಅರ್ಥವಿಲ್ಲ.

ಕರುಳಿನ ಕ್ಯಾನ್ಸರ್ ಎಂದು ವರದಿ ಬಂದ ಯಾರೇ ಆಗಲಿ, ಎಂಎಂಆರ್ ನೋಡಿದ್ದೀರಾ ಎಂದು ಕೇಳಿ. ಕೇಳಲು ಹಿಂಜರಿಯಬೇಡಿ. ಬೆಂಗಳೂರಿಗೆ ಹೋಗುವುದಾದರೆ ವರದಿಯ ಜೊತೆ ಮೇಣದ ಅಚ್ಚನ್ನೂ, ಗಾಜಿನ ಸ್ಲೈಡುಗಳನ್ನೂ ಲ್ಯಾಬಿನಿಂದ ಕೇಳಿ ಪಡೆಯಿರಿ. ಅದು ರೋಗಿಗೆ ಸೇರಿದ್ದು. ಅಚ್ಚನ್ನು ಬಿಸಿಲಲ್ಲಿ, ಬಸ್ಸಿನ ಎಂಜಿನ್ ಪಕ್ಕ ಇಡಬೇಡಿ.

ಚಿಕಿತ್ಸೆಯಲ್ಲಿ ಈ ಒಂದು ಪರೀಕ್ಷೆ ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ. ಮೊದಲನೆಯದು ಶಸ್ತ್ರಚಿಕಿತ್ಸೆ. ಸಾಮಾನ್ಯವಾಗಿ ಗೆಡ್ಡೆಯಿರುವ ಭಾಗ ಮತ್ತು ಅದರ ಸುತ್ತಲ ಗ್ರಂಥಿಗಳನ್ನು ತೆಗೆಯುತ್ತಾರೆ. ಲಿಂಚ್ ಎಂದು ಮೊದಲೇ ಗೊತ್ತಿದ್ದರೆ, ರೋಗಿ ಚಿಕ್ಕವಯಸ್ಸಿನವರಾದರೆ, ಉಳಿದ ಕರುಳಿನಲ್ಲಿ ಮತ್ತೊಂದು ಗೆಡ್ಡೆ ಏಳುವ ಭಯವಿರುವುದರಿಂದ ಹೆಚ್ಚು ಉದ್ದ ತೆಗೆಯಬೇಕೇ ಎಂದು ಸರ್ಜನ್ನರು ರೋಗಿಯೊಡನೆ ಕೂತು ಯೋಚಿಸುತ್ತಾರೆ. ಆಪರೇಷನ್ ಆದ ಮೇಲೆ ಗೊತ್ತಾದರೆ ಆ ಆಯ್ಕೆ ತಪ್ಪಿಹೋಗಿರುತ್ತದೆ. ಎರಡನೆಯದು ಕೀಮೋ. ಎರಡನೇ ಹಂತದ ಡಿಎಂಎಂಆರ್ ಗೆಡ್ಡೆಗೆ 5-ಎಫ್‌ಯು ಎಂಬ ಹಳೆಯ ಔಷಧಿಯೊಂದನ್ನೇ ಕೊಟ್ಟರೆ ಲಾಭವಿಲ್ಲ. ಅಂಥವರು ಆರು ತಿಂಗಳು ವಾಂತಿ, ಸುಸ್ತು, ಖರ್ಚು ಅನುಭವಿಸಬೇಕಾಗಿಲ್ಲ. ಮೂರನೇ ಹಂತದಲ್ಲಿ ಆಕ್ಸಾಲಿಪ್ಲಾಟಿನ್ ಸೇರಿಸಿದ ಕೀಮೋ ಬೇಕೇ ಬೇಕು.

ಕಾಯಿಲೆ ಹರಡಿದವರ ವಿಷಯದಲ್ಲಂತೂ ಈ ಹತ್ತು ವರ್ಷದಲ್ಲಿ ನಾವು ಕಂಡದ್ದು ದೊಡ್ಡ ಬದಲಾವಣೆ. ತಪ್ಪುಗಳು ತುಂಬಿದ ಈ ಗೆಡ್ಡೆ ದೇಹದ ಕಾವಲು ಕೋಶಗಳ ಕಣ್ಣಿಗೆ ಪರಕೀಯವಾಗಿ ಕಾಣುತ್ತದೆ. ಆದರೆ ಗೆಡ್ಡೆ ಆ ಕೋಶಗಳ ಕೈ ಕಟ್ಟಿಹಾಕಿರುತ್ತದೆ. ಆ ಕಟ್ಟು ಬಿಡಿಸುವ ಔಷಧಿಗಳಿಗೆ ದಾರಿ ಮಾಡಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೋಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಪೆಂಬ್ರೊಲಿಝುಮ್ಯಾಬ್ ಎಂಬ ಔಷಧಿಗೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು, ಗೆಡ್ಡೆ ಯಾವ ಅಂಗದಲ್ಲೇ ಇರಲಿ, ಡಿಎಂಎಂಆರ್ ಆಗಿದ್ದರೆ ಕೊಡಬಹುದೆಂದು. 2022ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು ಬೇರೆ ಅಂಗಗಳಿಗೆ ಹರಡದ ಗುದನಾಳದ ಡಿಎಂಎಂಆರ್ ಕ್ಯಾನ್ಸರಿನ ರೋಗಿಗಳಿಗೆ ಡೋಸ್ಟಾರ್ಲಿಮ್ಯಾಬ್ ಎಂಬ ಇದೇ ಬಗೆಯ ಔಷಧಿಯನ್ನಷ್ಟೇ ಆರು ತಿಂಗಳು ಕೊಟ್ಟು ನೋಡಿದ ಫಲಿತಾಂಶ ಪ್ರಕಟಿಸಿದರು. ಚಿಕಿತ್ಸೆ ಮುಗಿಸಿದ ಮೊದಲ 12 ಜನರಲ್ಲಿ 12 ಜನರ ಗೆಡ್ಡೆಯೂ ಕಾಣದಾಯಿತು. ಆಪರೇಷನ್ ಇಲ್ಲ, ರೇಡಿಯೇಷನ್ ಇಲ್ಲ. ನಾನು ಈ ವೃತ್ತಿಗೆ ಬಂದ ಕಾಲದಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ನಂಬುತ್ತಿರಲಿಲ್ಲ.

ಈ ಔಷಧಿಗಳ ಬೆಲೆ ಲಕ್ಷಗಳ ಲೆಕ್ಕದಲ್ಲಿದೆ, ಬಹುಪಾಲು ಮನೆಗಳ ಕೈಗೆ ಎಟುಕುವುದಿಲ್ಲ. ಇದು ನನ್ನನ್ನು ಕಾಡುವ ಸಂಗತಿ. ಯಾರಿಗೆ ಕೆಲಸ ಮಾಡುತ್ತದೆಂದು ಮೊದಲೇ ಹೇಳಬಲ್ಲ ಪರೀಕ್ಷೆ ಇದ್ದು, ಆ ರೋಗಿಗಳ ಸಂಖ್ಯೆಯೂ ಕಡಿಮೆ ಇರುವಾಗ, ಸಾರ್ವಜನಿಕ ಹಣ ಮೊದಲು ಹೋಗಬೇಕಾದ ಜಾಗ ಅದು ಎಂದೇ ನನ್ನ ಅಭಿಪ್ರಾಯ.

ಉಳಿದ ಖರ್ಚಿಗೆ ದಾರಿಗಳಿವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸಿಕೊಳ್ಳಿ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ನಡೆಯುತ್ತಿರುವ ಆಸ್ಪತ್ರೆ, ನಮ್ಮ ಜಿಲ್ಲೆಯವರು ಹೆಚ್ಚಾಗಿ ಹೋಗುವುದು ಅಲ್ಲಿಗೇ. 2017ರಲ್ಲಿ ಹಾಸನದಿಂದ ಚನ್ನರಾಯಪಟ್ಟಣ, ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು ಬಂದಿರುವುದು ಕೀಮೋ ರೋಗಿಗಳಿಗೆ ದೊಡ್ಡ ಅನುಕೂಲ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆಂದು ಹೋಗಿಬರಲು ಸ್ಲೀಪರ್ ದರ್ಜೆಯಲ್ಲಿ ರೈಲ್ವೆ ಪೂರ್ತಿ ರಿಯಾಯಿತಿ ಕೊಡುತ್ತದೆ, ಜೊತೆಯಲ್ಲಿ ಹೋಗುವವರಿಗೆ ಮುಕ್ಕಾಲು ಪಾಲು. ಆಸ್ಪತ್ರೆಯಲ್ಲಿ ಅದರ ಫಾರಂ ಕೇಳಿ. ಹೊಳೆನರಸೀಪುರದವರಿಗೆ ಮೈಸೂರಿನ ರೈಲು ಇದೆ. ಅರಕಲಗೂಡಿನವರಿಗೆ ಮಾತ್ರ ಬಸ್ಸೇ ಗತಿ.

ಈಗ ಕಾಯಿಲೆ ಬೀಳದವರ ಮಾತು. ಮನೆಯ ಒಬ್ಬರಲ್ಲಿ ದೋಷ ಖಚಿತವಾದರೆ, ಆ ಒಂದು ದೋಷಕ್ಕಾಗಿಯೇ ಒಡಹುಟ್ಟಿದವರ, ಹದಿನೆಂಟು ತುಂಬಿದ ಮಕ್ಕಳ ರಕ್ತ ಪರೀಕ್ಷಿಸಬಹುದು. ದೋಷ ಇದೆ ಎಂದು ಬಂದವರು 20ರಿಂದ 25ನೇ ವಯಸ್ಸಿನಲ್ಲಿ ಶುರುಮಾಡಿ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕು. ಬೇರೆಯವರಲ್ಲಿ ಗಂಟು ಕ್ಯಾನ್ಸರಾಗಲು ಹತ್ತು ವರ್ಷ ಹಿಡಿದರೆ ಇವರಲ್ಲಿ ಎರಡು ಮೂರು ವರ್ಷಕ್ಕೇ ಆಗಬಹುದು, ಅದಕ್ಕೇ ಇಷ್ಟು ಅವಸರ. ಗಂಟು ಸಿಕ್ಕರೆ ಅಲ್ಲೇ ತೆಗೆದುಬಿಡುತ್ತಾರೆ, ಕ್ಯಾನ್ಸರಿಗೆ ಹುಟ್ಟಲು ಎಡೆಯಿಲ್ಲ. ಫಿನ್ಲೆಂಡಿನಲ್ಲಿ 22 ಲಿಂಚ್ ಮನೆತನಗಳನ್ನು 15 ವರ್ಷ ಹಿಂಬಾಲಿಸಿ ನೋಡಿದಾಗ, ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರ್ ಅರ್ಧಕ್ಕಿಂತ ಕಡಿಮೆಯಾಗಿತ್ತು. ದಿನವೂ ಆಸ್ಪಿರಿನ್ ತೆಗೆದುಕೊಂಡ ಲಿಂಚ್ ರೋಗಿಗಳಲ್ಲಿ ಹತ್ತು ವರ್ಷದ ನಂತರ ಕ್ಯಾನ್ಸರ್ ಕಡಿಮೆ ಕಂಡದ್ದೂ ಬ್ರಿಟನ್ನಿನ ಜಾನ್ ಬರ್ನ್ ಅವರ ಅಧ್ಯಯನದಲ್ಲಿ ದಾಖಲಾಗಿದೆ. ಹಾಗೆಂದು ಅಂಗಡಿಯಿಂದ ತಂದು ನುಂಗಬೇಡಿ, ಆಸ್ಪಿರಿನ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಹರಿಸಬಲ್ಲದು. ಹೆಣ್ಣುಮಕ್ಕಳು ಮುಟ್ಟು ಏರುಪೇರಾದರೆ, ಮುಟ್ಟು ನಿಂತ ಮೇಲೆ ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಮಕ್ಕಳಾದ ಮೇಲೆ ಗರ್ಭಕೋಶ ತೆಗೆಸುವ ವಿಚಾರವನ್ನು ಈ ಒಂದು ಸಂದರ್ಭದಲ್ಲಿ ಗಂಭೀರವಾಗಿ ಚರ್ಚಿಸಬಹುದು. ಬೀಡಿ ಸಿಗರೇಟು ಸೇದುವವರು ಬಿಡಬೇಕು, ಹೊಗೆಯಿಂದ ಕರುಳಿನ ಗಂಟುಗಳು ಹೆಚ್ಚುತ್ತವೆ. ಅರಕಲಗೂಡಿನ ರಾಮನಾಥಪುರದ ಸುತ್ತ ಹೊಗೆಸೊಪ್ಪೇ ಜೀವನವಾಗಿರುವ ಜನರಿಗೆ ಈ ಮಾತು ಹೇಳುವುದು ನನಗೆ ಸುಲಭವಲ್ಲ. ಆದರೂ ಹೇಳಬೇಕು.

ಎಲ್ಲಕ್ಕಿಂತ ಕಷ್ಟದ್ದು, ಮನೆಯವರಿಗೆ ಈ ಸುದ್ದಿ ಮುಟ್ಟಿಸುವುದು. ಜಮೀನಿನ ವ್ಯಾಜ್ಯಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರಿರುತ್ತಾರೆ. ಕೊಟ್ಟ ಮಗಳ ಅತ್ತೆ ಮನೆಯಲ್ಲಿ ಗೊತ್ತಾದರೆ ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆ ಇರುತ್ತದೆ. ಡಾಕ್ಟರಾಗಿ ನಾನು ರೋಗಿಯ ಒಪ್ಪಿಗೆ ಇಲ್ಲದೆ ಅವರ ನೆಂಟರಿಗೆ ಹೇಳುವಂತಿಲ್ಲ. ಹೇಳಬೇಕಾದವರು ರೋಗಿಯೇ. ಮುಖತಃ ಆಗದಿದ್ದರೆ ಜೀನು ವರದಿಯ ಪ್ರತಿಯೊಂದನ್ನು ಕೊಟ್ಟು ಕಳಿಸಿ. ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರದಂಥ ಕಡೆ ಇಡೀ ಕುಟುಂಬವನ್ನು ಕೂರಿಸಿಕೊಂಡು ತಿಳಿಹೇಳುವ ಸಲಹೆಗಾರರಿದ್ದಾರೆ.

ಪರೀಕ್ಷೆಗೆ ಹೆದರಿ ಹಿಂಜರಿಯುವವರು ಒಂದನ್ನು ಮರೆಯುತ್ತಾರೆ. ಅರ್ಧದಷ್ಟು ಜನಕ್ಕೆ “ಇಲ್ಲ” ಎಂದೇ ಉತ್ತರ ಬರುತ್ತದೆ. ಹಾಗೆ ಬಂದವರಿಗೆ ವರ್ಷ ವರ್ಷದ ಕೊಲೊನೋಸ್ಕೋಪಿ ಬೇಡ. ಅವರಿಂದ ಅವರ ಮಕ್ಕಳಿಗೂ ಇಳಿಯುವುದಿಲ್ಲ. ಒಂದು ತಲೆ ಬಿಟ್ಟು ಇನ್ನೊಂದು ತಲೆಗೆ ಹಾರುವ ದೋಷ ಇದಲ್ಲ. ಅಕ್ಕನಿಗೆ ಇದೆ, ತನಗಿಲ್ಲ ಎಂದು ತಿಳಿದ ತಮ್ಮ, ಬದುಕಿದೆ ಎಂದು ಖುಷಿಪಡಲಾರದೆ ಕುಗ್ಗಿ ಕೂರುವುದನ್ನು ನೋಡಿದ್ದೇನೆ. ಅಂಥವರಿಗೆ ನಾನು ಹೇಳುವುದಿಷ್ಟೇ: ಅಕ್ಕನ ಪರೀಕ್ಷೆಯ ತಾರೀಖನ್ನು ನೀವು ಗುರುತಿಟ್ಟುಕೊಳ್ಳಿ, ಅವರ ಜೊತೆ ಹಾಸನಕ್ಕೋ ಬೆಂಗಳೂರಿಗೋ ನೀವೇ ಹೋಗಿ. ಕೊಲೊನೋಸ್ಕೋಪಿಗೆ ಮಂಪರಿನ ಔಷಧಿ ಕೊಟ್ಟಿರುತ್ತಾರೆ, ಆ ದಿನ ರೋಗಿಯನ್ನು ಮನೆಗೆ ಕರೆದೊಯ್ಯಲು ಒಬ್ಬರು ಜೊತೆಗಿರಲೇಬೇಕು.